ದೀಪ ಆರುವವರೆಗೆ ಕೀಲಿ ಮುಟ್ಟಲಿಲ್ಲ

ಹರಿಹರದಿಂದ ದಾವಣಗೆರೆಗೆ ಬರುತ್ತಿದ್ದೆ. ಮುಂದೆ ಒಂದು ಜಲ್ಲಿ ತುಂಬಿದ ಟಿಪ್ಪರ್ ಹೋಗುತ್ತಿತ್ತು. ಮೇಲೆ ತಾಡಪಾಲು ಹೊದಿಸಿರಲಿಲ್ಲ. ಇದನ್ನು ಬೇಗ ದಾಟಿಬಿಡಬೇಕು ಅಂದುಕೊಳ್ಳುವಷ್ಟರಲ್ಲಿ ಅದರ ಹಿಂದಿನ ಚಕ್ರ ಗುಂಡಿಗೆ ಬಿದ್ದು ಎದ್ದಿತು. ಮೇಲಿನಿಂದ ನಿಂಬೆಹಣ್ಣಿನ ಗಾತ್ರದ ಕಲ್ಲೊಂದು ನೆಗೆದು ನನ್ನ ಕಾರಿನ ಮುಂದಿನ ಗಾಜಿಗೆ ಬಡಿಯಿತು. ಗಾಜು ಒಡೆದು ಬೀಳಲಿಲ್ಲ. ಆದರೆ ಒಳಗಿನ ಕನ್ನಡಿಯ ಹತ್ತಿರ ಹುಟ್ಟಿದ ಬಿರುಕು ನಾನು ನೋಡನೋಡುತ್ತಿದ್ದಂತೆಯೇ ಕೆಳಗಿನ ಮೂಲೆಯವರೆಗೆ ಹರಿದುಹೋಯಿತು.

ಪಕ್ಕದಲ್ಲಿ ನನ್ನ ಅತ್ತೆ ಕೂತಿದ್ದರು. ಅವರು ಕೂಗಲಿಲ್ಲ. ಸೆರಗು ಸರಿಮಾಡಿಕೊಂಡು, ನನ್ನ ಮುಖವನ್ನೊಮ್ಮೆ ನೋಡಿ, ರಕ್ತಗಿಕ್ತ ಬಂತೇನು ಅಂತ ಕೇಳಿದರು. ಇಲ್ಲ ಅಂದೆ. ಹಂಗಾರೆ ನಿಧಾನಕ್ಕೆ ನಡಿ ಅಂದರು. ಟಿಪ್ಪರ್ ನಿಲ್ಲಲಿಲ್ಲ.

ಈ ಕಾರಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮದು ಹರಿಹರದ ಆಚೆ, ಮಲೆಬೆನ್ನೂರು ರಸ್ತೆಯಲ್ಲಿ ಅಕ್ಕಿ ಗಿರಣಿ. ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ನಮ್ಮ ಮನೆಯವರಿಗೆ ಗಾಡಿ ಓಡಿಸುವುದೆಂದರೆ ಆಗದು. ಗಿರಣಿಯೊಳಗೆ ಕೂತು ಯಂತ್ರ, ಲೆಕ್ಕ, ಕೆಲಸಗಾರರನ್ನು ನೋಡಿಕೊಳ್ಳುತ್ತಾರೆ. ಊರೂರು ಸುತ್ತಿ ಭತ್ತ ನೋಡಿ, ಹಲ್ಲಿಗೆ ಕಚ್ಚಿ ತೇವ ಪರೀಕ್ಷೆ ಮಾಡಿ, ರೈತರ ಜೊತೆ ಮಾತು ಮುಗಿಸಿ ಬರುವುದು ನನ್ನ ಕೆಲಸ. ಕುಕ್ಕುವಾಡದಲ್ಲಿ ಹುಡುಗಿಯಾಗಿದ್ದಾಗಲೇ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು ನಾನು. ಮದುವೆಯಾದ ಮೇಲೆ ಹಳೆಯ ಜೀಪು, ಆಮೇಲೆ ಒಂದು ಸಣ್ಣ ಕಾರು, ಈಗ ಇದು. ದೊಡ್ಡದು, ದುಬಾರಿಯದು. ಇಷ್ಟು ದೊಡ್ಡ ಕಾರು ಯಾಕೆ ಎಂದು ಕೇಳದ ನೆಂಟರಿಲ್ಲ. ಮೊದಮೊದಲು ಕಾರಣಗಳನ್ನು ಹೇಳುತ್ತಿದ್ದೆ. ಆಮೇಲೆ ನನಗೆ ಬೇಕಿತ್ತು, ತಗೊಂಡೆ ಅಂತಷ್ಟೇ ಹೇಳತೊಡಗಿದೆ.

ಕಾರಣ ಇರಲಿಲ್ಲ ಅಂತಲ್ಲ. ಸುಗ್ಗಿಯಲ್ಲಿ ಆ ರಸ್ತೆ ಹೇಗಿರುತ್ತದೆಂದು ಅಲ್ಲಿ ಓಡಾಡುವವರಿಗೇ ಗೊತ್ತು. ಭತ್ತ ಹೇರಿದ ಟ್ರೈಲರುಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ನಡುರಸ್ತೆಯಲ್ಲಿ ನಿಂತಿರುತ್ತವೆ. ಕಾರು ಬಂದ ವರ್ಷವೇ ಒಂದು ಸಂಜೆ, ಹೊತ್ತು ಮುಳುಗುವ ಸಮಯ, ಎದುರಿನ ಬಸ್ಸಿನ ಬೆಳಕು ಕಣ್ಣಿಗೆ ಬಡಿದು ಅಂಥದ್ದೊಂದು ಟ್ರೈಲರು ನನಗೆ ಕಾಣಿಸಲೇ ಇಲ್ಲ. ನಾನು ಕಾಲು ಎತ್ತುವ ಮೊದಲೇ ಕಾರು ತಾನಾಗಿ ಬ್ರೇಕ್ ಹಾಕಿತು. ಮೂಟೆಗಳು ಬಾನೆಟ್ಟಿನ ಮುಂದೆ ಕೈಗೆಟುಕುವಷ್ಟು ಹತ್ತಿರ ಇದ್ದವು. ಅವತ್ತೂ ಅತ್ತೆ ನನ್ನ ಪಕ್ಕದಲ್ಲೇ ಇದ್ದರು. ಮನೆಗೆ ಬಂದ ಮೇಲೆ ನಾವಿಬ್ಬರೂ ಆ ವಿಷಯವನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೀಲಿ ಕಿತ್ತುಕೊಳ್ಳುತ್ತಿದ್ದರು.

ಹಾಗೆ ಬ್ರೇಕ್ ಹಾಕಿಸಿದ್ದು ಗಾಜಿನ ಒಳಮೈಗೆ, ಕನ್ನಡಿಯ ಹಿಂದೆ ಅಂಟಿಸಿರುವ ಒಂದು ಪುಟ್ಟ ಕ್ಯಾಮೆರಾ. ಮುಂದಿನ ವಾಹನವನ್ನೂ ರಸ್ತೆಯ ಬಿಳಿ ಗೆರೆಗಳನ್ನೂ ಅದು ನೋಡುತ್ತಲೇ ಇರುತ್ತದೆ. ಗಾಜು ಬದಲಾಯಿಸುವಾಗ ಅದನ್ನು ಕಳಚಿ ಹೊಸ ಗಾಜಿಗೆ ಕೂಡಿಸಬೇಕು. ಕೂಡಿಸಿದ ಮೇಲೆ ಅದರ ನೋಟ ನೇರವಾಗಿದೆಯೇ ಎಂದು ಯಂತ್ರವಿಟ್ಟು ಸರಿಪಡಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ದೂರದಲ್ಲಿರುವುದನ್ನು ಅದು ತಪ್ಪು ಜಾಗದಲ್ಲಿ ನೋಡುತ್ತದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿದ್ದಾರೆ. ನಾನು ಓದಿದ್ದೆ.

ಗಾಜು ಒಡೆದ ಸುದ್ದಿ ತಿಳಿದು ಸಂಜೆಯೇ ಭಾವ ಬಂದರು. ಭಾವ ಎಂದರೆ ನಮ್ಮ ಮನೆಯವರ ಅಣ್ಣ. ಭಾಗವಾದಾಗ ಗಿರಣಿ ನಮಗೆ ಬಂತು, ಜಮೀನು ಅವರಿಗೆ ಹೋಯಿತು. ಆದರೂ ನಮ್ಮ ಮನೆಯ ಯಾವ ವಿಷಯಕ್ಕಾದರೂ ಕೊನೆಯ ಮಾತು ತಮ್ಮದೇ ಎಂದು ಅವರು ತಿಳಿದಿದ್ದಾರೆ. ಕೆಟ್ಟವರಲ್ಲ. ಮಾವ ಹಾಸಿಗೆ ಹಿಡಿದಾಗ ಅವರು ಮಾಡಿದ ಸೇವೆ ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನಾನು ಸ್ಟೇರಿಂಗ್ ಹಿಡಿದು ಕೂತದ್ದು ಕಂಡರೆ ಅವರ ಮುಖ ಇಂದಿಗೂ ಒಂದು ಥರ ಆಗುತ್ತದೆ. ಬಿರುಕನ್ನು ಬೆರಳಿಂದ ಮುಟ್ಟಿ ನೋಡಿ, ಹರಿಹರದಲ್ಲಿ ತಮಗೆ ಗುರುತಿನ ಗಾಜಿನ ಅಂಗಡಿ ಇದೆ, ಮಧ್ಯಾಹ್ನದೊಳಗೆ ಕೂಡಿಸಿಕೊಡುತ್ತಾರೆ ಅಂದರು. ಕ್ಯಾಮೆರಾದ ವಿಷಯ ಹೇಳಿದೆ. ನಕ್ಕರು. ಇನ್ನು ಮೇಲೆ ಒಬ್ಬ ಡ್ರೈವರನ್ನು ಇಟ್ಟುಕೊಳ್ಳುವುದು ಒಳ್ಳೆಯದು ಅಂತ ತಮ್ಮನಿಗೆ ಹೇಳಿದರು, ನಾನು ಅಲ್ಲೇ ನಿಂತಿದ್ದರೂ. ಕಲ್ಲು ಬಿದ್ದದ್ದು ಟಿಪ್ಪರಿನಿಂದ. ಅದನ್ನು ಓಡಿಸುತ್ತಿದ್ದವನು ಗಂಡಸು. ಅದನ್ನು ಬಾಯಿಬಿಟ್ಟೇ ಹೇಳಿದೆ. ಭಾವ ಚಹಾದ ಲೋಟ ಕೆಳಗಿಟ್ಟು ಎದ್ದು ಹೋದರು.

ಮರುದಿನ ಕಾರನ್ನು ಕಂಪನಿಯ ಷೋರೂಮಿಗೇ ಒಯ್ದು ಬಿಟ್ಟೆ. ಗಾಜು ತರಿಸಬೇಕು, ಸ್ವಲ್ಪ ದಿನ ಆಗುತ್ತದೆ ಅಂದರು. ಆಗಲಿ ಅಂದೆ. ಅಷ್ಟು ದಿನವೂ ಬಸ್ಸಿನಲ್ಲಿ ಹರಿಹರಕ್ಕೆ ಹೋದೆ, ಅಲ್ಲಿಂದ ಮುಂದಕ್ಕೆ ಗಿರಣಿಯ ಹಳೆಯ ಸ್ಕೂಟರು. ಬಿಸಿಲಲ್ಲಿ ಸ್ಕೂಟರಿನ ಮೇಲೆ ಭತ್ತ ನೋಡಲು ಬಂದ ನನ್ನನ್ನು ಕಂಡು ರೈತರೊಬ್ಬರು, ಕಾರು ಮಾರಿದ್ರೇನು ಅಕ್ಕಾರೆ ಅಂತ ಕೇಳಿದರು. ಊರಲ್ಲಿ ಹಾಗಂತ ಸುದ್ದಿಯಾಗಿತ್ತಂತೆ.

ಒಂದು ಮಧ್ಯಾಹ್ನ ಗಿರಣಿಯಿಂದ ಮನೆಗೆ ಬಂದರೆ ಕಾರು ಗೇಟಿನ ಮುಂದೆ ನಿಂತಿತ್ತು. ಭಾವ ಜಗಲಿಯ ಮೇಲೆ ಕೂತಿದ್ದರು. ಷೋರೂಮಿನವರು ನನಗೆ ಫೋನು ಮಾಡದೆ ಅವರಿಗೆ ಮಾಡಿದ್ದರು. ಬೇರೊಂದು ಕೆಲಸಕ್ಕೆ ಅಲ್ಲಿಗೆ ಹೋದಾಗ ಭಾವ ತಮ್ಮ ನಂಬರು ಕೊಟ್ಟು, ಏನಿದ್ದರೂ ನನಗೇ ಹೇಳಿ ಅಂದಿದ್ದರಂತೆ. ಕಾರು ನನ್ನ ಹೆಸರಿನಲ್ಲಿತ್ತು. ಸಹಿ ಹಾಕಿ ತಂದವರು ಅವರು. ನಾನು ಒಳಗೆ ಕೂತು ಕಾರು ಚಾಲೂ ಮಾಡಿದೆ. ಗಾಜು ಹೊಸದು, ಥಳಥಳ ಹೊಳೆಯುತ್ತಿತ್ತು. ಆದರೆ ಸ್ಟೇರಿಂಗಿನ ಹಿಂದೆ ಒಂದು ಕಿತ್ತಳೆ ಬಣ್ಣದ ದೀಪ ಉರಿಯುತ್ತಿತ್ತು. ಮುಂದಿನ ಕ್ಯಾಮೆರಾ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ.

"ದೀಪ ಉರೀತಾ ಐತಲ್ಲ ಭಾವ" ಅಂತ ಇಳಿದು ಜಗಲಿಗೆ ಬಂದು ಅಂದೆ.

"ಅದಾ? ನಾಕು ದಿನ ಓಡಿಸಿದ್ರೆ ತಾನೇ ಹೋಗ್ತದಂತೆ."

"ಅದು ತಾನೇ ಹೋಗೋ ದೀಪ ಅಲ್ಲ. ಕ್ಯಾಮೆರಾ ಸರಿ ಮಾಡಿಲ್ಲ ಅವರು."

"ನಾವೇನು ಕ್ಯಾಮೆರಾ ಇಟ್ಕಂಡು ಗಾಡಿ ಓಡಿಸಿದೀವಾ? ಹೆಣ್ಮಗಳು ಊರಾಗೆ ಓಡಿಸೋ ಗಾಡಿಗೆ ಅಷ್ಟೆಲ್ಲ ಯಾಕ? ಬ್ಯಾಡ ಬಿಡು."

ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಒಳಗೆ ಅವರೆಕಾಯಿ ಬಿಡಿಸುತ್ತಿದ್ದರು; ಕೈ ನಿಂತಿದ್ದು ನನಗೆ ಕಾಣಿಸಿತು. ನಾನು ಹೇಳಿದೆ:

"ಓಡಿಸೋಳು ನಾನು, ಭಾವ. ಬೇಕೋ ಬ್ಯಾಡೋ ಅನ್ನೋದನ್ನ ನಾನೇ ಹೇಳ್ತೀನಿ. ನಾಳೆ ವಾಪಸ್ ಬಿಟ್ಟು ಬರ್ತೀನಿ."

ಮದುವೆಯಾಗಿ ಬಂದ ಮೇಲೆ ಅವರ ಮಾತನ್ನು ನಾನು ಹಾಗೆ ನೇರವಾಗಿ ತಳ್ಳಿಹಾಕಿದ್ದು ಅದೇ ಮೊದಲು. ಭಾವ ತಮ್ಮನ ಕಡೆ ನೋಡಿದರು. ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸುತ್ತಾ, ಗಾಡಿ ವಿಷಯ ನನಗೇನು ಗೊತ್ತಾಗಲ್ಲ, ಅವಳನ್ನೇ ಕೇಳು ಅಂದರು. ಅವರಿಂದ ಅಷ್ಟು ಬಂದದ್ದೇ ಹೆಚ್ಚು.

ಬೆಳಿಗ್ಗೆ ಷೋರೂಮು ತೆರೆಯುವ ಹೊತ್ತಿಗೆ ಹೋದೆ. ಸರ್ವಿಸ್ ವಿಭಾಗದ ಮ್ಯಾನೇಜರು ವಿನಯದಿಂದಲೇ ಮಾತಾಡಿದರು. ಕ್ಯಾಮೆರಾ ಸರಿಮಾಡುವ ಸಲಕರಣೆ ಇಲ್ಲಿಲ್ಲ, ಹುಬ್ಬಳ್ಳಿಯಿಂದ ಬರಬೇಕು ಅಂದರು. ಹಾಗಾದರೆ ಅದು ಬರುವ ಮೊದಲೇ ಕಾರನ್ನು ಯಾಕೆ ಕೊಟ್ಟಿರಿ ಅಂದೆ. ನಮ್ಮ ರಸ್ತೆಗಳಿಗೆ ಇದೆಲ್ಲ ಉಪಯೋಗಕ್ಕೆ ಬರಲ್ಲ ಮೇಡಂ, ಬಹಳ ಜನ ಆಫ್ ಮಾಡಿಯೇ ಇಟ್ಟುಕೊಳ್ಳುತ್ತಾರೆ ಅಂದರು. ಆಮೇಲೆ ದನಿ ತಗ್ಗಿಸಿ, ಸರ್ ಒಪ್ಪಿಕೊಂಡು ಸಹಿ ಮಾಡಿದ್ದಾರಲ್ಲ ಅಂದರು. ಯಾವ ಸರ್ ಅಂದೆ. ಕೀಲಿಯನ್ನು ಅವರ ಮೇಜಿನ ಮೇಲಿಟ್ಟೆ. ದೀಪ ಆರುವವರೆಗೂ ಇದನ್ನು ನಾನು ಮುಟ್ಟುವುದಿಲ್ಲ, ಹುಬ್ಬಳ್ಳಿಯವರು ಬರುವ ದಿನ ಯಾವುದು ಅಂತ ತಿಳಿಯುವವರೆಗೆ ಇಲ್ಲಿಂದ ಏಳುವುದೂ ಇಲ್ಲ ಅಂತ ಹೇಳಿ ಹೊರಗಿನ ಸೋಫಾದ ಮೇಲೆ ಕೂತೆ.

ಕೂತೇ ಇದ್ದೆ. ಕಾಫಿ ಬಂತು, ಕುಡಿದೆ. ಇನ್ನೊಂದು ಕಾಫಿ ಬಂತು, ಬೇಡ ಅಂದೆ. ಹೋಗುವವರು ಬರುವವರು ನನ್ನನ್ನು ನೋಡುತ್ತಿದ್ದರು. ಹೊಸ ಕಾರು ಒಯ್ಯಲು ಒಂದು ಕುಟುಂಬ ಬಂದಿತ್ತು. ಕಾರಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ನನ್ನ ಕಾರು ಅವರ ದಾರಿಗೆ ಅಡ್ಡವಾಗಿ ನಿಂತಿತ್ತು. ಇನ್ನೊಬ್ಬರ ಶುಭಕಾರ್ಯ ಕೆಡಿಸುವುದು ನನಗೂ ಬೇಕಿರಲಿಲ್ಲ; ಅದನ್ನು ಪಕ್ಕಕ್ಕೆ ಸರಿಸಿ ಕೊಡಿ ಅಂತ ನಾನೇ ಮೆಕ್ಯಾನಿಕ್ಕಿಗೆ ಹೇಳಿದೆ. ಆರತಿ ತಟ್ಟೆ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ನನ್ನ ಪಕ್ಕ ಬಂದು ಕೂತರು.

"ನೀನೂ ಗಾಡಿ ತಗಳ್ಳಾಕ ಬಂದೀಯೇನವ್ವ?" ಅಂದರು.

ಇಲ್ಲಜ್ಜಿ ಅಂತ ಎಲ್ಲವನ್ನೂ ಹೇಳಿದೆ. ಕಲ್ಲು, ಗಾಜು, ಕ್ಯಾಮೆರಾ, ದೀಪ. ಯಾರಿಗೂ ಹೇಳದ ಆ ಟ್ರೈಲರಿನ ಸಂಗತಿಯನ್ನೂ ಗುರುತಿಲ್ಲದ ಆ ಹೆಂಗಸಿಗೆ ಹೇಳಿಬಿಟ್ಟೆ. ಅಜ್ಜಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದರು. ಆಮೇಲೆ ಮಗನನ್ನು ಕರೆದು, ನಮ್ಮ ಗಾಡಿಗೂ ಆ ಕ್ಯಾಮೆರಾ ಐತೇನು, ಒಡೆದರೆ ಇವರು ರಿಪೇರಿ ಮಾಡಿ ಕೊಡ್ತಾರೋ ಇಲ್ಲೋ ಕೇಳು ಅಂದರು. ಮಗ ಮ್ಯಾನೇಜರ ಹತ್ತಿರ ಹೋಗಿ ಕೇಳಿದ. ಮ್ಯಾನೇಜರು ಏನೋ ಹೇಳಿದರು. ಮಗ ಮತ್ತೆ ಕೇಳಿದ, ಈ ಸಲ ದನಿ ಸ್ವಲ್ಪ ದೊಡ್ಡದಾಗಿತ್ತು. ಆರತಿ ಎತ್ತುವುದು ಅಷ್ಟಕ್ಕೇ ನಿಂತಿತು. ಸ್ವಲ್ಪ ಹೊತ್ತಿಗೆ ನನ್ನನ್ನು ಒಳಗೆ ಕರೆದು, ಗುರುವಾರ ಹುಬ್ಬಳ್ಳಿಯಿಂದ ಜನ ಬರುತ್ತಾರೆ ಅಂದರು.

ಗುರುವಾರ ಬಂದವರು ಕನ್ನಡಕ ಹಾಕಿದ, ದಪ್ಪನೆಯ ಒಬ್ಬ ನಡುವಯಸ್ಸಿನವರು. ವರ್ಕ್‌ಷಾಪು ನೋಡಿದ ಕೂಡಲೇ ಗೊಣಗತೊಡಗಿದರು. ಕಾರಿನ ಮುಂದೆ ಗುರುತಿನ ಹಲಗೆ ನಿಲ್ಲಿಸಿ ಕ್ಯಾಮೆರಾಕ್ಕೆ ತೋರಿಸಬೇಕಂತೆ. ಅದಕ್ಕೆ ನೆಲ ಒಂದೇ ಮಟ್ಟ ಇರಬೇಕು, ಮುಂದೆ ಸಾಕಷ್ಟು ಜಾಗ ಬೇಕು, ಬಿಸಿಲು ಬೀಳಬಾರದು. ಅಲ್ಲಿನ ನೆಲ ನೀರು ಹರಿದುಹೋಗಲೆಂದು ಇಳಿಜಾರು ಮಾಡಿದ್ದು. ಮ್ಯಾನೇಜರು ನನ್ನ ಕಡೆ ತಿರುಗಿ, ನೋಡಿ ಮೇಡಂ, ನಾವೇನು ಮಾಡೋಣ ಎಂಬಂತೆ ಕೈ ಚೆಲ್ಲಿದರು. ಅವರಿಗೆ ಒಳಗೊಳಗೆ ಖುಷಿಯಾಗಿದೆ ಅನ್ನಿಸಿತು.

"ನಮ್ಮ ಗಿರಣಿ ಗೋದಾಮು ಐತೆ, ಬರ್ರಿ" ಅಂದೆ.

ಆ ಗೋದಾಮಿನ ನೆಲವನ್ನು ಹಿಂದೆ ಒಮ್ಮೆ ಕಿತ್ತು ಹೊಸದಾಗಿ ಹಾಕಿಸಿದ್ದೆ. ಒಂದು ಮೂಲೆ ತಗ್ಗಾಗಿ ನೀರು ನಿಂತು ಮೂಟೆಗಳು ಮುಗ್ಗುತ್ತಿದ್ದವು. ಹೊಸ ನೆಲ ಹಾಕುವಾಗ ಮೇಸ್ತ್ರಿಯ ಬೆನ್ನ ಹಿಂದೆಯೇ ನಿಂತು, ನೀರು ತುಂಬಿದ ಪೈಪು ಹಿಡಿಸಿ ಮೂಲೆ ಮೂಲೆಯ ಮಟ್ಟ ನೋಡಿಸಿದ್ದೆ. ಇಷ್ಟು ಕಿರಿಕಿರಿ ಮಾಡುವ ಹೆಂಗಸನ್ನು ನೋಡಿಲ್ಲ ಅಂತ ಮೇಸ್ತ್ರಿ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದರು.

ಕಾರು ಹರಿಹರಕ್ಕೆ ಬಂತು. ಮ್ಯಾನೇಜರೇ ಓಡಿಸಿಕೊಂಡು ಬಂದರು. ಹಮಾಲರು ಮೂಟೆಗಳನ್ನು ಗೋಡೆಗೆ ಸರಿಸಿ ನಡುವೆ ಜಾಗ ಮಾಡಿದರು. ಷಟರು ಅರ್ಧ ಇಳಿಸಿದೆವು. ಹುಬ್ಬಳ್ಳಿಯವರು ತೌಡಿನ ಧೂಳಿಗೆ ಸೀನುತ್ತಾ, ನೆಲ ಅಳೆದು, ತಲೆ ಆಡಿಸಿ, ಕಪ್ಪು ಬಿಳಿ ಚೌಕಗಳ ಹಲಗೆಯನ್ನು ಕಾರಿನ ಮುಂದೆ ನಿಲ್ಲಿಸಿದರು. ಒಮ್ಮೆ ಮಾಡಿದ್ದು ಸರಿಬರಲಿಲ್ಲ. ಹಲಗೆ ಸರಿಸಿ ಮತ್ತೆ ಅಳೆದರು. ಅಷ್ಟರಲ್ಲಿ ನಮ್ಮ ಮನೆಯವರು ಯಂತ್ರ ನಿಲ್ಲಿಸಿ ಬಂದು, ಬಾಗಿಲ ಬಳಿ ಕೈಕಟ್ಟಿ ನಿಂತುಕೊಂಡಿದ್ದರು. ಗಿರಣಿಯ ಸದ್ದು ನಿಂತದ್ದಕ್ಕೆ ಏನಾಯಿತೆಂದು ಅಕ್ಕಪಕ್ಕದ ಗಿರಣಿಯವರೂ ಬಂದು ಇಣುಕಿದರು. ಬರಲಿ, ನೋಡಲಿ ಅಂದುಕೊಂಡೆ. ಕೊನೆಗೆ ಹುಬ್ಬಳ್ಳಿಯವರು ಲ್ಯಾಪ್‌ಟಾಪು ಮುಚ್ಚಿ, ಇನ್ನು ಹೆದ್ದಾರಿಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಬೇಕು, ನೀವೇ ಓಡಿಸ್ತೀರಾ ಅಂದರು. ಕಿತ್ತಳೆ ದೀಪ ಆರಿತ್ತು. ಮ್ಯಾನೇಜರು ಕೀಲಿ ಚಾಚಿದರು. ತೆಗೆದುಕೊಂಡೆ.

ಬಿಳಿ ಗೆರೆ ಚೆನ್ನಾಗಿ ಕಾಣುವ ಕಡೆ ಹೆದ್ದಾರಿಗೆ ಏರಿದೆ. ಪಕ್ಕದಲ್ಲಿ ಕೂತಿದ್ದ ಹುಬ್ಬಳ್ಳಿಯವರು ಹೇಳಿದಂತೆ ಇಂಡಿಕೇಟರ್ ಹಾಕದೆ ಗೆರೆಯ ಕಡೆ ಸ್ವಲ್ಪ ವಾಲಿಸಿದೆ. ಸ್ಟೇರಿಂಗ್ ನನ್ನ ಕೈಯಲ್ಲಿ ಸಣ್ಣಗೆ ನಡುಗಿತು, ಹುಷಾರು ಅನ್ನುವಂತೆ. ಆಯ್ತು ಅಂದರು ಅವರು. ಮಧ್ಯಾಹ್ನದ ಊಟ ಇನ್ನೂ ಆಗಿಲ್ಲ ಅಂತಲೂ ಅಂದರು. ಗಿರಣಿಗೆ ಕರೆದುಕೊಂಡು ಹೋಗಿ ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ಮ್ಯಾನೇಜರಿಗೂ ಬಡಿಸಿದೆ. ಹೊರಡುವಾಗ ಮ್ಯಾನೇಜರು ಒಂದು ಫೋಟೊ ತೆಗೆದುಕೊಳ್ಳೋಣ ಮೇಡಂ ಅಂದರು. ಫೋಟೊ ಬ್ಯಾಡ, ಇನ್ನು ಮೇಲೆ ಫೋನು ನನಗೇ ಮಾಡ್ರಿ ಅಂದೆ.

ಭಾವ ಕೆಲವು ದಿನ ನಮ್ಮ ಮನೆಯ ಕಡೆ ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ. ಆಮೇಲೆ ಮಲೆಬೆನ್ನೂರಿನಲ್ಲಿ ನೆಂಟರ ಮದುವೆ ಬಂತು. ಭಾವನ ಗಾಡಿ ಕೆಟ್ಟಿತ್ತು. ತಮ್ಮನಿಗೆ ಫೋನು ಮಾಡಿ, ಯಾರಾದರೂ ಡ್ರೈವರ್ ಹುಡುಕಿ ಕಾರು ಕಳಿಸು ಅಂದರಂತೆ. ನಮ್ಮ ಮನೆಯವರು ಫೋನನ್ನು ನನ್ನ ಕೈಗೆ ಕೊಟ್ಟರು. ನಾನೇ ಬರ್ತೀನಿ, ತಯಾರಾಗಿರ್ರಿ ಅಂದೆ. ಭಾವ ಹ್ಞೂಂ ಅಂದರು.

ಅವರು ಹಿಂದಿನ ಸೀಟಿನಲ್ಲೇ ಕೂತರು. ಮುಂದೆ ಅತ್ತೆ. ದಾರಿಯುದ್ದಕ್ಕೂ ಭಾವ ಕಿಟಕಿಯಾಚೆ ಗದ್ದೆ ನೋಡುತ್ತಿದ್ದರು, ನಾನು ರಸ್ತೆ ನೋಡುತ್ತಿದ್ದೆ. ಕಲ್ಯಾಣ ಮಂಟಪದ ಮುಂದೆ ಇಳಿದಾಗ ಹೆಣ್ಣಿನ ಕಡೆಯ ಹಿರಿಯರೊಬ್ಬರು ಬಂದು ಭಾವನ ಕೈಹಿಡಿದು, ಡ್ರೈವರ್‌ಗೂ ಊಟಕ್ಕೆ ಹೇಳ್ರಿ, ಎಲ್ಲಿದಾನೆ ಅಂತ ಕೇಳಿದರು. ಭಾವ ಚಪ್ಪಲಿ ಬಿಡುವುದರಲ್ಲಿ ತೊಡಗಿದರು. ನಾನು ಬಾಗಿಲು ಹಾಕಿ ಮುಂದೆ ಬಂದೆ.

"ನಾನೇ ಓಡಿಸ್ಕಂಡು ಬಂದದ್ದು. ಊಟ ಎಲ್ಲೈತ್ರಿ?" ಅಂದೆ.

ಹಿರಿಯರು ಒಮ್ಮೆ ಕಾರನ್ನು, ಒಮ್ಮೆ ನನ್ನನ್ನು ನೋಡಿ, ದಾರಿ ತೋರಿಸಿದರು. ನಾನು ಅತ್ತೆಯ ಕೈ ಹಿಡಿದುಕೊಂಡು ಪಂಕ್ತಿಯ ಕಡೆ ನಡೆದೆ.