ಕೆಸರಿಗೆ ಹಾಸಿದ ಕದಗಳು

ನಾನು ಹುಟ್ಟಿ ಬೆಳೆದದ್ದು ಮಾರಿಕಣಿವೆಯ ಹಿನ್ನೀರಿನ ದಂಡೆಯಲ್ಲಿ ಎಂದರೆ ಕೇಳಿದವರು, "ಎಷ್ಟು ತಂಪಾದ ಜಾಗ" ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ನೀರು ನೋಡಲು ಬರುವವರಿಗೂ ನೀರಿನ ಪಕ್ಕ ಬದುಕುವವರಿಗೂ ಅಜಗಜಾಂತರ. ನಮ್ಮ ಊರು ಹೊಸದುರ್ಗ ತಾಲ್ಲೂಕಿಗೆ ಸೇರಿತ್ತು. ಆದರೆ ಹೊಸದುರ್ಗಕ್ಕೆ ಹೋಗಬೇಕಾದರೆ ಗುಡ್ಡ ಸುತ್ತಿ, ಹಳ್ಳ ದಾಟಿ, ಎತ್ತಿನ ಗಾಡಿಯಲ್ಲಿ ಇಡೀ ಹಗಲು ಕಳೆಯಬೇಕಿತ್ತು. ಎದುರು ದಂಡೆಯಲ್ಲಿ ಕಲ್ಲುನೆಲ, ಅದರಾಚೆ ಬಸ್ಸಿನ ರಸ್ತೆ, ಬಸ್ಸು ಹತ್ತಿದರೆ ಹಿರಿಯೂರು. ಆಸ್ಪತ್ರೆ, ಸಂತೆ, ನೆಂಟರ ಮನೆ ಎಲ್ಲವೂ ನಮಗೆ ಆ ಕಡೆಯೇ. ನಡುವೆ ನೀರು, ನೀರಿನ ಮೇಲೆ ಒಂದು ಹರಿಗೋಲು.

ಬೇಸಿಗೆಯಲ್ಲಿ ನೀರು ಹಿಂದೆ ಸರಿಯುವುದು, ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಊರ ಬುಡಕ್ಕೆ ಬರುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಲೆಕ್ಕ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಆ ಲೆಕ್ಕ ತಪ್ಪಿತು. ಮಳೆ ಬರಲೇ ಇಲ್ಲವೆಂದಲ್ಲ, ಬರಬೇಕಾದಾಗ ಬರಲಿಲ್ಲ. ಸರಿದ ನೀರು ಸರಿದೇ ಹೋಯಿತು. ಊರಿಗೂ ನೀರಿಗೂ ನಡುವೆ ಹೂಳು ತುಂಬಿದ ಬಯಲೊಂದು ಬಿದ್ದುಕೊಂಡಿತು. ಮೇಲೆ ಒಣಗಿದ ಕೆನೆ, ಕೆಳಗೆ ಹಸಿ ಕೆಸರು. ಕಾಲಿಟ್ಟರೆ ಮೊಣಕಾಲು, ಇನ್ನೊಂದು ಹೆಜ್ಜೆಗೆ ತೊಡೆ. ಕುರುಬರ ಒಂದು ತುಂಬು ಗಬ್ಬದ ಕುರಿ ಅದರಲ್ಲಿ ಹೂತು, ಎಳೆಯಲು ಹೋದವರ ಕಣ್ಣೆದುರೇ ಸತ್ತಿತು.

ಮೊದಲು ಕಲ್ಲು ಹಾಕಿದರು, ಮುಳುಗಿದವು. ಜಾಲಿಯ ಕೊಂಬೆ ಹಾಸಿದರು, ಅಂಗಾಲು ಹರಿದವು. ತೆಂಗಿನ ಗರಿ ಹಾಸಿದರು, ನಾಲ್ಕು ಜನ ನಡೆಯುವಷ್ಟರಲ್ಲಿ ಕೆಸರಿನೊಳಗೆ ಸೇರಿಹೋದವು. ಆಗ ಕುರುಬರ ಹಟ್ಟಿಯ ಹಿರಿಯನೊಬ್ಬ ತನ್ನ ಮನೆಯ ಕದವನ್ನೇ ತಲೆಯ ಮೇಲೆ ಹೊತ್ತು ತಂದ. ನಮ್ಮ ಕಡೆಯ ಹಳೆಯ ಕದಗಳು ಹೊಸ್ತಿಲ ಕುಳಿಯಲ್ಲಿ ನಿಂತು ತಿರುಗುತ್ತಿದ್ದವು, ಎತ್ತಿದರೆ ಕಳಚಿ ಬರುತ್ತಿದ್ದವು. ಅವನು ಅದನ್ನು ಕೆಸರಿನ ಮೇಲೆ ಮಲಗಿಸಿ, ಮೇಲೆ ನಿಂತು, "ಅಗಲ ಐತೆ, ಮುಳುಗಲ್ಲ. ಮನಿಗೊಂದು ಕದ ತಂದ್ರೆ ನೀರು ಮುಟ್ಟಬೌದು" ಎಂದ.

ಮೇವಿನ ಜಗಳದಿಂದ ನಮ್ಮ ಒಕ್ಕಲಗೇರಿಯವರಿಗೂ ಕುರುಬರ ಹಟ್ಟಿಯವರಿಗೂ ಮಾತೇ ನಿಂತಿತ್ತು. ಆದರೂ ಮರುದಿನ ಮನೆಮನೆಯಿಂದ ಕದಗಳು ಬಂದವು. ನಮ್ಮವ್ವ ಮಾತ್ರ ಹೊಸ್ತಿಲಿಗೆ ಅಡ್ಡ ನಿಂತಳು. ಅರಿಶಿನ ಕುಂಕುಮ ಹಚ್ಚಿದ ಕದವನ್ನು ಊರವರೆಲ್ಲ ತುಳಿಯುವುದೆಂದರೇನು? ಅಪ್ಪ ಒಂದು ಉಪಾಯ ಹೇಳಿದ: ಕುಂಕುಮದ ಮುಖ ಕೆಳಗೆ ಮಾಡಿ ಹಾಸುವುದು. ಅಂದಿನಿಂದ ಎಲ್ಲರ ಕದಗಳೂ ಬೋರಲು ಮಲಗಿದವು.

ಸೋಮವಾರ ಎತ್ತು ಹೂಡುವಂತಿರಲಿಲ್ಲವಾದ್ದರಿಂದ ಅದು ಕದ ಸರಿಸುವ ದಿನವಾಯಿತು. ಊರ ಕಡೆಯ ನೆಲ ಒಣಗಿ ಗಟ್ಟಿಯಾದಂತೆ ಹಿಂದಿನ ಕದಗಳನ್ನು ಎತ್ತಿ ಮುಂದಕ್ಕೆ ಹಾಸಬೇಕು. ನೀರು ಓಡಿದಂತೆ ಅದರ ಬೆನ್ನಟ್ಟಿ ನಮ್ಮ ದಾರಿಯೂ ಓಡುತ್ತಿತ್ತು. ಗಂಡಸರು ಹೊರುತ್ತಿದ್ದರು, ನಾವು ಹೆಣ್ಣುಮಕ್ಕಳು ಕೆರೆದು ತೊಳೆಯುತ್ತಿದ್ದೆವು. ಮನೆಗಳಿಗೆ ಗೋಣಿತಾಟು ಕಟ್ಟಿಕೊಂಡೆವು. ನಾಯಿಗಳಿಗೆ ಹಬ್ಬ. ಒಂದು ನಾಯಿ ರೊಟ್ಟಿಯ ಪುಟ್ಟಿಗೇ ಬಾಯಿ ಹಾಕಿದಾಗ ಅವ್ವ, "ಬಾರಪ್ಪ, ಕುಂತ್ಕಂಡು ಉಣ್ಣು, ಕದ ಇಲ್ಲದ ಮನಿ ನಿಂದೇ" ಎಂದು ಬೈದಿದ್ದಳು. ನಗುವುದಕ್ಕೆ ಆಗ ಅಷ್ಟಾದರೂ ಇತ್ತು.

ಅಂಥ ಹೊತ್ತಿನಲ್ಲಿ ನನ್ನಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಧರ್ಮಪುರದ ಕಡೆ ಕೊಟ್ಟಿತ್ತು. ಶೇಂಗಾ ಬೆಳೆಯುವ ಮನೆ, ಮಾತಿನ ನಡುವೆ ತೆಲುಗು. ಎರಡೇ ವರ್ಷದಲ್ಲಿ ಅವಳ ಬಾಯಲ್ಲೂ ತೆಲುಗು ಸೇರಿ, ನಾನು ಕರೆದರೆ "ಏಮೇ" ಎನ್ನುವಂತಾಗಿತ್ತು. ಹರಿಗೋಲಿನಿಂದ ಇಳಿದು, ಸೀರೆ ಎತ್ತಿ ಹಿಡಿದು, ಒಂದೊಂದೇ ಕದ ದಾಟುತ್ತ ಬಂದವಳು ಒಂದರ ಮುಂದೆ ನಿಂತಳು. ಚಿಕ್ಕಂದಿನಲ್ಲಿ ಕುಡುಗೋಲಿನಿಂದ ಅವಳೇ ಕೆತ್ತಿದ್ದ ಗುರುತು ಅದರ ಮೂಲೆಯಲ್ಲಿತ್ತು.

"ಇದು ನಮ್ಮನಿ ಕದ ಅಲ್ಲೇನೇ?" ಎಂದಳು. ಬಗ್ಗಲಾಗದ ಹೊಟ್ಟೆ ಹೊತ್ತು, ನನ್ನ ಹೆಗಲು ಹಿಡಿದು ಬಗ್ಗಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಕಾಲಿಟ್ಟಳು.

ಬಂದ ದಿನದಿಂದಲೇ ಅವ್ವನಿಗೆ ಒಂದೇ ಯೋಚನೆ. ಬಾಣಂತಿ ಕೋಣೆಗೆ ಗಾಳಿ ನುಗ್ಗಬಾರದು. ಗೋಣಿತಾಟು ಗಾಳಿ ತಡೆಯುತ್ತದೆಯೇ? ಹಸಿ ಮೈಗೆ ಶೀತ ಹಿಡಿದರೆ ಮುಗಿಯಿತು. "ನಮ್ಮ ಕದ ನಮಗೆ ತಂದುಬಿಡ್ರಿ" ಎಂದು ಅವಳು ಅಪ್ಪನಿಗೆ ದಿನವೂ ದುಂಬಾಲು ಬೀಳುತ್ತಿದ್ದಳು. ಅಪ್ಪ ಒಪ್ಪಲಿಲ್ಲ. "ಅದೀಗ ಊರ ಕದ. ನಾನೊಬ್ಬ ಎತ್ತಿದ್ರೆ ನಾಳೆ ಎಲ್ರೂ ಎತ್ತತಾರೆ" ಎನ್ನುತ್ತಿದ್ದ.

ಆಮೇಲೆ ಉತ್ತರೆ ಮಳೆ ಬಂತು. ಒಂದು ಮಧ್ಯಾಹ್ನ ಪಡುವಣದಲ್ಲಿ ಕಪ್ಪಾಗಿ, ಗುಡುಗಿ, ಅಂಗಳದಲ್ಲಿ ನೀರು ಹರಿಯುವಷ್ಟು ಸುರಿಯಿತು. ಜನ ಮಳೆಯಲ್ಲೇ ನಿಂತು ಕೈಮುಗಿದರು. ಪಡುವಣದ ಗುಡ್ಡಗಳಲ್ಲೂ ಹೀಗೇ ಹೊಡೆದಿದ್ದರೆ ಹೊಳೆ ಬರುತ್ತದೆ, ಹೊಳೆ ಬಂದರೆ ಹಿನ್ನೀರು ಏರುತ್ತದೆ, ಏರಿದ ನೀರು ಕದಗಳನ್ನು ತೇಲಿಸಿಕೊಂಡು ಹೋಗುತ್ತದೆ. ಅಪ್ಪನಿಗೆ ಈಗ ಅವ್ವನ ಮಾತು ನಡೆಸಲು ನೆಪವೂ ಸಿಕ್ಕಿತು. ಮಳೆ ನಿಂತದ್ದೇ ಹೋಗಿ ನಮ್ಮ ಕದವನ್ನು ಎತ್ತಿ ತಂದ. ಅವನನ್ನು ನೋಡಿ ಪಕ್ಕದ ಮನೆಯವರು, ಅವರನ್ನು ನೋಡಿ ಹಟ್ಟಿಯವರು. ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ಒಬ್ಬರ ಕದಕ್ಕೆ ಇನ್ನೊಬ್ಬರು ಕೈಜೋಡಿಸಿ, ನಗುತ್ತಲೇ ಹೊತ್ತು ತಂದರು. ಅವ್ವ ನಮ್ಮ ಕದವನ್ನು ತೊಳೆದು, ಬಾಣಂತಿ ಕೋಣೆಗೆ ಕೂರಿಸಿ, ಹೊಸದಾಗಿ ಕುಂಕುಮ ಇಟ್ಟಳು.

ಹೊಳೆ ಬರಲಿಲ್ಲ. ಪಡುವಣದಲ್ಲಿ ಬರಿ ಗುಡುಗಿತ್ತಂತೆ. ನಮ್ಮೂರ ಮೇಲೆ ಬಿದ್ದ ಮಳೆ ಕೆಸರಿನ ಕೆನೆಯನ್ನು ಕರಗಿಸಿ, ಇಡೀ ಬಯಲನ್ನು ಹುದುಲು ಮಾಡಿ ಹೋಗಿತ್ತು. ನೀರು ಮಾತ್ರ ಇದ್ದಲ್ಲೇ ಇತ್ತು. ಬರುವ ಸೋಮವಾರ ಮತ್ತೆ ಹಾಸಿದರಾಯಿತು ಎಂದು ಜನ ಮಾತಾಡಿಕೊಂಡರು.

ಸೋಮವಾರಕ್ಕೆ ಮುಂಚೆಯೇ ಅಕ್ಕನಿಗೆ ನೋವು ಬಂತು. ಬೆಳಗಿನ ಹೊತ್ತು. ಸೂಲಗಿತ್ತಿ ಅಜ್ಜಿ ಹೊಟ್ಟೆ ಸವರಿ ನೋಡಿ ಹೊರಗೆ ಬಂದಳು. ನಮ್ಮನ್ನೆಲ್ಲ ತನ್ನ ಕೈಯಲ್ಲೇ ಭೂಮಿಗೆ ಇಳಿಸಿದವಳು.

"ಕೂಸು ಅಡ್ಡ ಬಿದ್ದೈತೆ. ನನ್ ಕೈಲಾಗಲ್ಲ. ಹಿರಿಯೂರಿಗೆ ಹೊರ್ರಿ, ಈಗ್ಲೇ ಹೊರ್ರಿ" ಎಂದಳು.

ಹಗ್ಗದ ಮಂಚದ ಮೇಲೆ ಅಕ್ಕನನ್ನು ಮಲಗಿಸಿ ಗಂಡಸರು ಹೊತ್ತುಕೊಂಡು ಓಡಿದರು. ಗಟ್ಟಿ ನೆಲ ಮುಗಿಯುವಲ್ಲಿ ನಿಂತರು. ಮುಂದೆ ಕೆಸರು, ಅದರಾಚೆ ನೀರಿನಂಚಿನಲ್ಲಿ ಹರಿಗೋಲು ಕಣ್ಣಿಗೆ ಕಾಣುತ್ತಿತ್ತು. ಮುಂದಿದ್ದ ಇಬ್ಬರು ಕಾಲಿಟ್ಟರು, ಸೊಂಟದವರೆಗೆ ಇಳಿದರು, ಮಂಚ ವಾಲಿತು. ಅಕ್ಕ ಕಿರುಚಿದಳು. ಅವರನ್ನು ಎಳೆದು ತೆಗೆಯುವುದೇ ಒಂದು ಕೆಲಸವಾಯಿತು.

ಆಗ ಊರಿಗೆ ಊರೇ ಕದಗಳಿಗಾಗಿ ಓಡಿತು. ಇದನ್ನು ನಾನು ಮರೆಯಲಾರೆ, ಮರೆತರೆ ಪಾಪ. ಮುದುಕಿಯರು, ಬಸುರಿಯರು, ಅಪ್ಪನೊಂದಿಗೆ ಮಾತು ಬಿಟ್ಟಿದ್ದವರು, ಎಲ್ಲರೂ ಕದ ಹೊತ್ತು ಬಂದರು. ಮುಂದೆ ಹಾಸುವವರು ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಹಾಸುತ್ತಿದ್ದರು. ಹಸಿ ಹುದುಲಿನಲ್ಲಿ ಒಂದು ಕದ ನಿಲ್ಲುತ್ತಿರಲಿಲ್ಲ. ಒಂದರ ಮೇಲೊಂದು ಎರಡು ಬೇಕಾಯಿತು. ಹೀಗಾಗಿ ಕದಗಳು ಸಾಲಲಿಲ್ಲ. ಮಂಚವನ್ನು ಇಳಿಸಿ, ಹಿಂದಿನವನ್ನು ಕಿತ್ತು ಮುಂದಕ್ಕೆ ಕೊಡಬೇಕು, ಮತ್ತೆ ಹೊರಬೇಕು. ನಾನೂ ಕೆಸರಿನಲ್ಲಿ ನಿಂತು ಕೊಡುತ್ತಿದ್ದೆ. ಬಿಸಿಲು ಏರಿತು. ಅಕ್ಕನ ಕೂಗು ಮೊದಲು ದೊಡ್ಡದಿತ್ತು, ಆಮೇಲೆ ನರಳುವಿಕೆಯಾಯಿತು. ಅಪ್ಪ ಎಲ್ಲರಿಗಿಂತ ಮುಂದಿದ್ದ, ಹಿಂದಿರುಗಿ ನೋಡುತ್ತಲೇ ಇರಲಿಲ್ಲ.

ಹರಿಗೋಲಿನವನ ಮುಖ ಕಾಣುವಷ್ಟು ಹತ್ತಿರವಾದಾಗ ಮಂಚವನ್ನು ಮತ್ತೊಮ್ಮೆ ಇಳಿಸಿದರು. ಇಳಿಸಿದ್ದು ನಮ್ಮ ಕದದ ಮೇಲೆ. ಆತುರದಲ್ಲಿ ಯಾರೂ ಅದನ್ನು ಬೋರಲು ಹಾಕಿರಲಿಲ್ಲ. ಅವ್ವ ಇಟ್ಟ ಕುಂಕುಮ ಮೇಲೆಯೇ ಇತ್ತು. ಅಕ್ಕ ನನ್ನ ಕಡೆ ಕೈಚಾಚಿ, "ನೀರು ಬಂತೇನೇ?" ಎಂದು ಕೇಳಿದಳು. ಬಂತು ಎಂದೆ. ಮತ್ತೆ ಎತ್ತುವಾಗ ಸೂಲಗಿತ್ತಿ ಅವಳ ಕೆನ್ನೆ ಮುಟ್ಟಿ, "ಇಳಿಸ್ರಪ್ಪ, ಇನ್ಯಾಕೆ ಹೊರ್ತೀರಿ" ಎಂದಳು. ತಾಯಿ ಮಗು ಎರಡೂ ಹೋಗಿದ್ದವು. ಅಪ್ಪನಿಗೆ ಕೇಳಿಸಲಿಲ್ಲವೋ ಏನೋ, ಮುಂದಿನ ಕದ ಕೊಡಿರೆಂದು ಕೈಚಾಚಿಕೊಂಡೇ ಇದ್ದ.

ಯಾರ ತಪ್ಪು ಎಂದು ಊರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಟ್ಟಾಗಿ ಹಾಸಿದ್ದೆವು, ಒಟ್ಟಾಗಿ ಎತ್ತಿದ್ದೆವು. ಒಗ್ಗಟ್ಟಿನ ಬಗ್ಗೆ ವೇದಿಕೆ ಹತ್ತಿ ಮಾತಾಡುವವರನ್ನು ಕಂಡರೆ ನನಗೆ ಈಗಲೂ ಎದ್ದು ಹೋಗಬೇಕೆನಿಸುತ್ತದೆ. ಒಗ್ಗಟ್ಟು ನಮ್ಮಲ್ಲಿ ಬೇಕಾದಷ್ಟಿತ್ತು. ಮಳೆಯನ್ನು ನಂಬುವ ಹಳೆಯ ಚಟವೂ ಅಷ್ಟೇ ಇತ್ತು.

ಆ ಕದಗಳನ್ನು ಯಾರೂ ಮನೆಗೆ ತರಲಿಲ್ಲ. ದೀಪಾವಳಿ ಕಳೆದ ಮೇಲೆ ನೀರು ಬಂದು ಅವುಗಳನ್ನು ಮುಚ್ಚಿತು. ಕೆಲವು ತೇಲಿ ಹೋದವು, ಉಳಿದವು ಹೂಳಿನಲ್ಲಿ ಸಿಕ್ಕಿಕೊಂಡವು. ಮುಂದಿನ ವರ್ಷ ನೀರು ಸರಿದಾಗ ಜನ ಅವುಗಳ ಪಕ್ಕಕ್ಕೇ ಹಲಗೆ, ಗಾಡಿಯ ಪಟ್ಟಿ, ಸಿಕ್ಕಿದ್ದನ್ನೆಲ್ಲ ಹಾಸಿದರು. ಎಂಥ ಮಳೆ ಬಂದರೂ ಎತ್ತಲಿಲ್ಲ. ನನ್ನನ್ನು ನೋಡಲು ಹೊಸದುರ್ಗದಿಂದ ಗಂಡಿನವರು ಬಂದಾಗಲೂ ನಮ್ಮ ಮನೆಗೆ ಗೋಣಿತಾಟೇ ಇತ್ತು. ಗಂಡಿನ ತಾಯಿ, "ಏನ್ರಿ, ನಿಮ್ಮೂರಾಗೆ ಕಳ್ಳರಿಲ್ವೇನ್ರಿ?" ಎಂದು ತಮಾಷೆ ಮಾಡಿದರು. ಅಪ್ಪ, "ಕದ ನೀರ್ನಾಗೈತ್ರಮ್ಮ" ಎಂದಷ್ಟೇ ಹೇಳಿದ.

ನನ್ನ ಚೊಚ್ಚಲಿಗೆ ಅಪ್ಪ ನನ್ನನ್ನು ತವರಿಗೆ ಕರೆಯಲಿಲ್ಲ. ಅತ್ತೆ ಮುನಿಸಿಕೊಂಡರು, ಓಣಿಯವರು ಆಡಿಕೊಂಡರು. ನೋವು ಬಂದಾಗ ಹೊಸದುರ್ಗದ ಆಸ್ಪತ್ರೆಗೆ ಸೇರಿಸಿದರು. ಅಪ್ಪ ಎಷ್ಟೋ ದಿನ ಮೊದಲೇ ಗಾಡಿ ಕಟ್ಟಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತಿದ್ದ. ಆಸ್ಪತ್ರೆಗೂ ಹಿಂದೆಯೇ ಬಂದ. ಹೆರಿಗೆ ಕೋಣೆಯ ಬಾಗಿಲು ಮುಚ್ಚಲು ನರ್ಸಮ್ಮ ಬಂದಾಗ ಹೊರಗಿನಿಂದ ಅವನ ದನಿ ಕೇಳಿಸಿತು.

"ಕದ ಹಾಕ್ಬ್ಯಾಡ್ರಿ ತಾಯಿ."

ಗಂಡಸರು ಇಲ್ಲಿ ನಿಲ್ಲಬಾರದು ಎಂದು ಆಕೆ ಗದರಿದರು. ಅಪ್ಪ ಹೋಗಲಿಲ್ಲ. ನಮ್ಮ ಕಡೆ ಬೆನ್ನು ತಿರುಗಿಸಿ ನಿಂತು, ಒಂದು ಕೈಯನ್ನು ಹಿಂದಕ್ಕೆ ಚಾಚಿ ಕದದ ಅಂಚನ್ನು ಹಿಡಿದುಕೊಂಡ. ಆಕೆ ಅವನನ್ನೊಮ್ಮೆ ನೋಡಿ, ಹಾಗೇ ಬಿಟ್ಟು ಒಳಗೆ ಬಂದರು. ಇಡೀ ನೋವಿನ ಹೊತ್ತು ಸಂದಿನಲ್ಲಿ ನನಗೆ ಕಾಣುತ್ತಿದ್ದದ್ದು ಆ ಬೆರಳುಗಳು. ಮಗು ಅತ್ತಿತು. ಅಪ್ಪ ಹಿಡಿತ ಸಡಿಲಿಸಲಿಲ್ಲ.