ಗೇಟಿನ ಬಸ್‌ಸ್ಟಾಂಡೂ, ಅನುಭವವಿಲ್ಲದ ನನ್ನ ಗಂಡನೂ

ನನ್ನ ಗಂಡನಿಗೆ ಅನುಭವವಿಲ್ಲವಂತೆ.

ಹೀಗಂತ ನಾನು ಹೇಳುತ್ತಿಲ್ಲ (ಹೇಳಬೇಕೆನಿಸಿದ ದಿನಗಳಿವೆ, ಆ ಮಾತು ಬೇರೆ). ಸರ್ಕಾರದ ಟೆಂಡರ್ ಪೋರ್ಟಲ್ ಹೇಳಿದೆ. ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ, ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳಿಗೆ ಮೆಸೇಜ್ ಬಂತು. ನಿಮ್ಮ ತಾಂತ್ರಿಕ ಬಿಡ್ ತಿರಸ್ಕೃತವಾಗಿದೆ. ಕಾರಣ, ಇಂಥ ಕಾಮಗಾರಿ ಮಾಡಿದ ಅನುಭವವಿಲ್ಲ. ಸಾಸಿವೆ ಸೀದು ಹೋಯಿತು.

ನನ್ನ ಗಂಡ ರುದ್ರೇಶ್ ಸಣ್ಣ ಕಂಟ್ರಾಕ್ಟರ್. ಗುಬ್ಬಿಯಲ್ಲಿ ಶಾಲೆಯ ಕಾಂಪೌಂಡು, ಹೆಬ್ಬೂರಿನಲ್ಲಿ ಚರಂಡಿ, ಕುಣಿಗಲ್ಲಿನಲ್ಲಿ ಅಂಗನವಾಡಿ ಕಟ್ಟಿದ್ದಾರೆ. ಮದುವೆಯಾದಾಗಿನಿಂದ ಇವರ ಶರ್ಟಿನಲ್ಲಿ ಸಿಮೆಂಟ್ ವಾಸನೆ ಬಾರದ ದಿನವಿಲ್ಲ. ಆದರೆ ಟೆಂಡರ್ ಯಾವತ್ತೂ ಆಗುವುದು ತುಮಕೂರಿನ ಒಬ್ಬ ದೊಡ್ಡ ಕಂಟ್ರಾಕ್ಟರಿಗೆ (ನಮ್ಮ ಮನೆಯಲ್ಲಿ ಅವರಿಗೆ 'ದೊಡ್ಡೋರು' ಅಂತಲೇ ಹೆಸರು). ಅವರು ಬಾಯಿಮಾತಿನಲ್ಲಿ ಇವರಿಗೆ ಕೆಲಸ ಒಪ್ಪಿಸುತ್ತಾರೆ. ಕಟ್ಟುವವರು ಇವರು, ಬೋರ್ಡಿನಲ್ಲಿ ಹೆಸರು ಅವರದು.

ನನಗೆ ಅದೇನೂ ಹೊಸದಲ್ಲ. ಈ ಸಲ ಮಾತ್ರ ಹೊಟ್ಟೆ ಉರಿಯಿತು. ಯಾಕೆಂದರೆ ಇದು ನಮ್ಮೂರ ಗೇಟಿನ ಬಸ್‌ಸ್ಟಾಂಡು.

ನಮ್ಮ ಕಡೆ ಊರು ರಸ್ತೆಯಿಂದ ಒಳಗಿದ್ದರೆ, ಬಸ್ಸು ನಿಲ್ಲುವ ಜಾಗಕ್ಕೆ ಗೇಟ್ ಅನ್ನುತ್ತಾರೆ. ಗೇಟು ಇರುವುದಿಲ್ಲ, ಕಂಡಕ್ಟರ್ ಕೂಗಿದಾಗ ಇಳಿಯಬೇಕು, ಅಷ್ಟೆ. ನನ್ನ ತವರು ಅಮೃತೂರಿನ ಕಡೆ. ಕುಣಿಗಲ್ ಕಾಲೇಜಿಗೆ ಹೋಗುತ್ತಿದ್ದ ವರ್ಷಗಳಲ್ಲಿ, ಸಂಜೆ ನನ್ನ ಪ್ರೈವೇಟ್ ಬಸ್ಸು ಬರುವ ತನಕ ಅಪ್ಪ ಆ ಗೇಟಿನ ಹುಣಸೆ ಮರದ ಕೆಳಗೆ ನಿಂತಿರುತ್ತಿದ್ದರು. ಬಸ್ಸು ಹೇಳಿದ ಹೊತ್ತಿಗೆ ಬಂದಿದ್ದು ನನಗೆ ನೆನಪಿಲ್ಲ.

"ಇಲ್ಲೊಂದು ಕೂರೋ ಜಾಗ ಆಗ್ಬೇಕು ಕಣವ್ವ, ಕಾಲು ಸೇದ್ತವೆ" ಅನ್ನುತ್ತಿದ್ದರು.

ರಸ್ತೆ ಅಗಲ ಮಾಡಿದಾಗ ಮರ ಹೋಯಿತು. ಆಮೇಲೆ ಅಪ್ಪನೂ ಹೋದರು. ಈಗಲೂ ಆ ದಾರಿಯಲ್ಲಿ ಹೋಗುವಾಗ ಬಸ್ಸು ನಿಧಾನವಾದರೆ ಕಿಟಕಿಯಿಂದ ಬಗ್ಗಿ ನೋಡುತ್ತೇನೆ. ಯಾರನ್ನು ಅಂತ ನೀವು ಕೇಳಬೇಡಿ.

ಆ ಜಾಗಕ್ಕೇ ತಂಗುದಾಣದ ಟೆಂಡರ್ ಕರೆದಿದ್ದಾರೆ ಅಂತ ತಿಳಿದಾಗ ನಾನು ಹಟ ಹಿಡಿದೆ. ಈ ಸಲ ನಾವೇ ಹಾಕೋಣ ಅಂದೆ.

"ಬುಡು, ನಮ್ಗ್ಯಾಕೆ ಆ ರಗಳೆ. ಕೆಲ್ಸ ಸಿಕ್ರೆ ಸಾಕಲ್ವಾ?" ಅಂದರು ರುದ್ರೇಶ್.

"ಹೆಸ್ರು ಬೇಡ್ವಾ?"

ಚಪ್ಪಲಿಗೆ ಅಂಟಿದ ಗಾರೆ ಕೆರೆಯುತ್ತಾ ಕೂತರು. ಆಮೇಲೆ ಮೆಲ್ಲಗೆ ಅಂದರು, "ಬೇಡ ಅಂತ ಯಾರಂದ್ರು?"

ಆ ಮಾತು ಕೇಳಿದ ಮೇಲೆ ನಾನು ಬಿಡುತ್ತೇನೆಯೇ? ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನೆರಳು, ಅದರ ಪಕ್ಕದಲ್ಲಿ ಇವರ ಹೆಸರಿನ ಬೋರ್ಡು. ನನಗೆ ಎರಡೂ ಬೇಕಿತ್ತು.

ಶುರುವಾಯಿತು ನೋಡಿ ದಾಖಲೆಗಳ ಮೆರವಣಿಗೆ. ಜಿಎಸ್‌ಟಿ, ಪ್ಯಾನ್, ಪಿಎಫ್, ಲೇಬರ್ ಲೈಸೆನ್ಸು, ಆಡಿಟರ್ ಸರ್ಟಿಫಿಕೇಟು. ಪೆನ್‌ಡ್ರೈವಿನಂಥ ಒಂದು ಡಿಜಿಟಲ್ ಸಹಿ. ಇವರು ಕಟ್ಟಡದ ಸಾರುವೆ ಹತ್ತಿ ನಿಂತ ಹೊತ್ತಿಗೇ ಒಟಿಪಿ ಬರುತ್ತಿತ್ತು. ನಾನು ಫೋನಿನಲ್ಲಿ ಕಿರುಚುತ್ತಿದ್ದೆ, ಅವರು ಅಲ್ಲಿಂದಲೇ ನಂಬರ್ ಓದುತ್ತಿದ್ದರು, ಅಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತಿತ್ತು. ಜೊತೆಗೆ ಸ್ಟಾಂಪ್ ಪೇಪರಿನ ಮೇಲೆ ಒಂದು ಪ್ರಮಾಣ: ನನ್ನನ್ನು ಯಾವ ಇಲಾಖೆಯೂ ಕಪ್ಪುಪಟ್ಟಿಗೆ ಸೇರಿಸಿಲ್ಲ. ಅಲ್ಲ ಸ್ವಾಮಿ, ಕಪ್ಪುಪಟ್ಟಿಗೆ ಸೇರುವುದಕ್ಕೂ ಮೊದಲು ಒಂದು ಕೆಲಸ ಸಿಗಬೇಕಲ್ಲ?

ಕೊನೆಯಲ್ಲಿ ಸಿಕ್ಕಿಬಿದ್ದಿದ್ದು ಅನುಭವದ ಪ್ರಮಾಣಪತ್ರದಲ್ಲಿ. ಅದನ್ನು ಇಲಾಖೆ ಕೊಡುವುದು ಟೆಂಡರ್ ಆದವರಿಗೆ. ದೊಡ್ಡೋರ ಹತ್ತಿರ ಕಟ್ಟು ಕಟ್ಟು ಇವೆ. ಇವರ ಹತ್ತಿರ ಇರುವುದು ಅಂಗೈಯ ದಡ್ಡು ಮಾತ್ರ.

ನಾನೊಂದು ಉಪಾಯ ಮಾಡಿದೆ. ಪ್ರತಿ ಕೆಲಸ ಮುಗಿದಾಗಲೂ ರುದ್ರೇಶ್ ಅದರ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ತಲೆ ಬಾಚಿಕೊಂಡು, ಕೈ ಕಟ್ಟಿಕೊಂಡು, ವಧುಪರೀಕ್ಷೆಗೆ ಬಂದವರ ಹಾಗೆ. ಆ ಫೋಟೋಗಳನ್ನೆಲ್ಲ ಸೇರಿಸಿ ಪಿಡಿಎಫ್ ಮಾಡಿ ಅಪ್‌ಲೋಡ್ ಮಾಡಿದೆ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ತಿರಸ್ಕೃತ ಅಂತ ಬಂದ ಕೂಡಲೇ ಕಚೇರಿಗೆ ಫೋನ್ ಮಾಡಿ ಜಗಳಕ್ಕೆ ನಿಂತೆ. ಆ ಕಡೆಯ ಅಧಿಕಾರಿ ಪಾಪ, ತಾಳ್ಮೆಯವರು.

"ಮೇಡಂ, ಫೋಟೋ ನೋಡಿದೀನಿ. ಪ್ರತಿ ಫೋಟೋದಲ್ಲೂ ಹಿಂದೆ ಬೋರ್ಡ್ ಕಾಣ್ತಿದೆ. ಅದ್ರಲ್ಲಿ ಗುತ್ತಿಗೆದಾರರ ಹೆಸ್ರು ಬೇರೆ ಇದೆಯಲ್ಲ?"

ಫೋನಿಟ್ಟು ಫೋಟೋಗಳನ್ನು ತೆರೆದೆ. ಇಷ್ಟು ವರ್ಷ ನಾನು ನೋಡಿದ್ದು ಇವರ ಮುಖ. ಹಿಂದಿನ ಬೋರ್ಡನ್ನು ಒಮ್ಮೆಯೂ ಓದಿರಲಿಲ್ಲ. ದೊಡ್ಡೋರ ಅನುಭವಕ್ಕೆ ನಾನೇ ಕೂತು ಪಿಡಿಎಫ್ ಮಾಡಿ ಕಳಿಸಿದ್ದೆ.

ನಿಯಮ ಬೇಡ ಅಂತ ನಾನು ಹೇಳುವುದಿಲ್ಲ. ಯಾರೋ ಕೆಲಸ ಗೊತ್ತಿಲ್ಲದವನು ಕಟ್ಟಿದ ಸೂರು ತಲೆ ಮೇಲೆ ಬೀಳಬಾರದಲ್ಲ. ಆದರೆ ಈ ನಿಯಮ ಹುಡುಕುವುದು ಕೆಲಸ ಗೊತ್ತಿರುವವನನ್ನೋ, ಕಾಗದ ಇರುವವನನ್ನೋ? ಮ್ಯಾನೇಜರ್ ಹೆಸರಲ್ಲಿ ಹೋಗುವ ರಿಪೋರ್ಟು ಬರೆಯುವವರು, ಕೇಟರಿಂಗ್ ಮಾಲೀಕನಿಗೆ ಹೊಗಳಿಕೆ ಬರುವ ಊಟ ಬೇಯಿಸುವವರು, ನಿಮ್ಮಲ್ಲೂ ಎಷ್ಟು ಜನ ಇದ್ದೀರಿ, ಹೇಳಿ?

ಟೆಂಡರ್ ದೊಡ್ಡೋರಿಗೇ ಆಯಿತು. ಅವತ್ತು ಸಂಜೆಯೇ ಅವರ ಫೋನ್ ಬಂತು.

"ರುದ್ರೇಶ, ಅದೇ ನಿಮ್ಮನೆಯೋರ ಊರ್ ಗೇಟಂತೆ. ನೀನೇ ಮಾಡ್ಬುಡಪ್ಪ."

ನಾನು ಬೇಡ ಅಂತ ಕೈಸನ್ನೆ ಮಾಡಿದೆ. ಅನುಭವವಿಲ್ಲದವನಿಗೆ ಯಾಕಂತೆ ಕೆಲಸ? ರುದ್ರೇಶ್ ನನ್ನನ್ನೇ ನೋಡುತ್ತಾ "ಆಯ್ತಣ್ಣ" ಅಂದುಬಿಟ್ಟರು. ನಾನು ಊಟಕ್ಕೆ ಬಡಿಸಲಿಲ್ಲ. ಅವರೇ ಬಡಿಸಿಕೊಂಡು, ನನ್ನ ತಟ್ಟೆಗೂ ಹಾಕಿಕೊಟ್ಟು ಅಂದರು, "ಬೇರೆಯವ್ನು ಕಟ್ಟಿದ್ರೆ ಬೆಂಚ್ ಎತ್ತರಕ್ಕಿಡ್ತಾನೆ ಕಣೇ. ವಯಸ್ಸಾದೋರ್ ಕಾಲು ನೇತಾಡ್ತವೆ." ಅಪ್ಪ ಕಾಲುನೋವು ಅನ್ನುತ್ತಿದ್ದ ಸಂಗತಿ ನಾನು ಇವರಿಗೆ ಯಾವಾಗ ಹೇಳಿದ್ದೆನೋ. ಆಮೇಲೆ ನನಗೆ ಜಗಳವಾಡಲು ಮನಸ್ಸಾಗಲಿಲ್ಲ.

ಮೊನ್ನೆ ಭಾನುವಾರ ಇಬ್ಬರೂ ಹೋಗಿದ್ದೆವು. ತಂಗುದಾಣ ಚೆನ್ನಾಗಿ ಬಂದಿದೆ. ಪಕ್ಕದಲ್ಲಿ ಬೋರ್ಡು, ಬೋರ್ಡಿನಲ್ಲಿ ದೊಡ್ಡೋರು. ನಾನು ಬೆಂಚಿನ ತುದಿಯಲ್ಲಿ ಕೂತೆ. ಕುಣಿಗಲ್ ಕಡೆಯಿಂದ ಒಂದು ಬಸ್ಸು ಬಂತು, ಯಾರೂ ಇಳಿಯಲಿಲ್ಲ. ಅಪ್ಪ ಇರಬೇಕಿತ್ತು. ಒಂದೇ ಒಂದು ಸಂಜೆಗಾದರೂ ಇಲ್ಲಿ ಕೂತು ಕಾಯಬೇಕಿತ್ತು ಅನ್ನಿಸಿತು.

ಅಷ್ಟರಲ್ಲಿ ಅಮೃತೂರಿಗೆ ಹೊರಟ ಒಬ್ಬ ಅಜ್ಜಿ ಬಂದು, ಚೀಲ ಇಳಿಸಿ, ಕೂತು, ಕಾಲು ನೆಲಕ್ಕೂರಿ ಉಸ್ಸಪ್ಪಾ ಅಂದಿತು.

"ಯಾರ್ ಕಟ್ಟಿದ್ದಪ್ಪ ಇದ್ನ?"

"ಗೌರ್ಮೆಂಟು ಕಣಜ್ಜಿ" ಅಂದರು ರುದ್ರೇಶ್.

ಅಜ್ಜಿ ಬೆಂಚು ಸವರಿ ನೋಡಿತು. "ಗೌರ್ಮೆಂಟಿಗೆ ನಮ್ ಮಂಡಿನೋವು ಹೆಂಗ್ ಗೊತ್ತಾಯ್ತು? ಇದು ಯಾರೋ ಕೆಲ್ಸ ಗೊತ್ತಿರೋನೇ ಮಾಡವ್ನೆ ಬುಡು."

ಪೋರ್ಟಲಿನವರೇ, ಈ ಅಜ್ಜಿಗೆ ಸಹಿ ಬರುವುದಿಲ್ಲ. ಹೆಬ್ಬೆಟ್ಟು ಒತ್ತಿಸಿ ಅಪ್‌ಲೋಡ್ ಮಾಡಿದರೆ ನಡೆಯುತ್ತಾ?