ಮುಂದಿನ ಸಾಲು ಬೇಕೆಂದವಳು

ಬೆಳಿಗ್ಗೆ ಪಕ್ಕದ ಮನೆಯ ಶರಣವ್ವ ಬಂದು ಕೂತಳು. ಸೆರಗಿಗೆ ಒಂದೆಳೆ ಹತ್ತಿ ಅಂಟಿತ್ತು.

"ನಿನ್ನ ಸೊಸಿಗೆ ಆಸಿ ಭಾಳ ಅದ ಬಿಡವ್ವಾ. ಮಹಿಳಾ ಸಂಘಕ್ಕ ಅಧ್ಯಕ್ಷಿ ಆಗ್ತಾಳಂತ!"

ನನಗೂ ಹಾಗೇ ಅನ್ನಿಸಿತ್ತು. ಹೂಂ ಅನ್ನಬೇಕು, ಅಷ್ಟರಲ್ಲಿ ಆ ಹತ್ತಿಯ ಎಳೆ ಕಣ್ಣಿಗೆ ಬಿತ್ತು ನೋಡಿ, ಹಳೆಯದೊಂದು ಹತ್ತಿ ಹೊಲ ನೆನಪಾಯಿತು.

ಮಾನ್ವಿಯಿಂದ ದೇವದುರ್ಗದ ಕಡೆಗೆ ನಾನು ಸೊಸೆಯಾಗಿ ಬಂದಾಗ ಇನ್ನೂ ನಿಜಾಮರ ಕಾಲ. ನನಗೆ ಅಕ್ಷರ ಅಷ್ಟಕ್ಕಷ್ಟೆ. ಈಗಲೂ ಒತ್ತಕ್ಷರ ಕಂಡರೆ ಬೆವರುತ್ತೇನೆ. ಕೈ ಮಾತ್ರ ಚುರುಕು. ಹತ್ತಿ ಬಿಡಿಸಲು ಹೋದರೆ ಮೊದಲ ಸಾಲು ಯಾವಾಗಲೂ ನೀಲವ್ವನದು. ಹೆಂಗಸರಿಗೆಲ್ಲ ಅವಳೇ ಮುಂದಾಳು. ಅವಳು ನೀರು ಕುಡಿದರೆ ನಮಗೆಲ್ಲ ಬಾಯಾರಬೇಕು. ಆ ಸಾಲು ನನಗೆ ಬೇಕಾಗಿತ್ತು. ಯಾಕೆ ಅಂತ ಕೇಳಬೇಡಿ. ಬೇಕಾಗಿತ್ತು, ಅಷ್ಟೆ.

ಒಂದು ದಿನ ಕಚ್ಚೆ ಬಿಗಿದು ಬಿಡಿಸಿದೆ. ನೀಲವ್ವನನ್ನು ಹಿಂದೆ ಹಾಕಿ ಹೊಲದ ಬದು ಮುಟ್ಟಿ, ರೊಟ್ಟಿಗಂಟು ಬಿಚ್ಚಿ ಕೂತೆ. ಯಾರಾದರೂ ಶಹಬ್ಬಾಸ್ ಅಂದಾರೆಂದು ತಲೆಯೆತ್ತಿದರೆ ಎಲ್ಲರೂ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾರೆ.

"ಯಾಕಬೇ ಕುಂತಿ?" ಎಂದಳು ನೀಲವ್ವ.

"ನನ್ನ ಸಾಲು ಮುಗೀತು."

"ಮದಲ ಮುಟ್ಟಿದಾಕಿ ಕಡೀ ಸಾಲಿನಾಕಿಗೆ ಎದುರು ಬಿಡಿಸ್ಕೋತ ಹೋಗಬೇಕು. ನಿಮ್ಮ ಮಾನ್ವ್ಯಾಗ ಉಂಡು ಮಲಗ್ತಾರೇನು?"

ಎಲ್ಲರೂ ಕಿಸಕ್ಕೆಂದರು. ಕಡೆಯ ಸಾಲಿನಲ್ಲಿ ತುಂಬು ಬಸುರಿ ದೇವಮ್ಮ ಇನ್ನೂ ನಡುಹೊಲದಲ್ಲಿದ್ದಳು. ಹೊತ್ತು ಮುಳುಗುವುದರೊಳಗೆ ಸಾಲು ಮುಗಿಸದವರನ್ನು ಸಾಹುಕಾರ ಮರುದಿನ ಕರೆಯುತ್ತಿರಲಿಲ್ಲ. ದಿನಾ ಅವಳ ಅರ್ಧ ಸಾಲನ್ನು ನೀಲವ್ವನೇ ಬಿಡಿಸಿ ಅವಳ ಕೂಲಿ ಉಳಿಸಿದ್ದಳು. ನಾನು ನೀಲವ್ವನ ಬೆನ್ನನ್ನಷ್ಟೇ ನೋಡುತ್ತಿದ್ದವಳು. ಬದು ಮುಟ್ಟಿದ ಮೇಲೆ ಅವಳು ಎತ್ತ ಹೋಗುತ್ತಾಳೆಂದು ನೋಡಿರಲೇ ಇಲ್ಲ.

ರೊಟ್ಟಿ ಸುತ್ತಿಟ್ಟು ಎದ್ದೆ. ಹೊತ್ತು ಮುಳುಗುವ ಹೊತ್ತಿಗೆ ದೇವಮ್ಮನೂ ನಾನೂ ಎದುರಾಬದುರಾದೆವು. ಅವಳ ಸಾಲು ಮುಗಿಯಿತು.

"ಇನ್ನಾ ಬೇಕೇನು ಮುಂದಿನ ಸಾಲು?" ನೀಲವ್ವ ಕೇಳಿದಳು.

"ಬೇಕು" ಅಂದೆ.

"ನಾಳಿಂದ ತಗೋ. ನನ್ನ ನಡಾ ಬಿದ್ದು ಹೋಗ್ಯಾದ."

ತಗೊಂಡೆ. ಬಹಳ ವರ್ಷ ಬಿಡಲಿಲ್ಲ. ಆಸೆಬುರುಕಿ ಅಂದವರಿದ್ದರು, ಅನ್ನಲಿ. ಬೇಕು ಅನ್ನುವುದು ತಪ್ಪೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಇಲ್ಲ. ಬದು ಮುಟ್ಟಿ ಕೂತುಬಿಟ್ಟರೆ ಮಾತ್ರ ಮುಂದಾಳಲ್ಲ.

ಸೊಸೆಯನ್ನು ಕರೆದು ಬುದ್ಧಿ ಹೇಳಬೇಕೆಂದಿದ್ದೆ, ಬಿಟ್ಟೆ. ಶರಣವ್ವ ಇನ್ನೂ ನನ್ನ ಬಾಯಿ ನೋಡುತ್ತ ಕೂತಿದ್ದಳು.

"ಆಕಿ ಆಗ್ಲಿ ಬಿಡು. ನೀ ಯಾಕ ಆಗ್ತೀನಿ ಅನಲಿಲ್ಲ?"

ಅವಳ ಮುಖ ಕೆಂಪಾಯಿತು. "ನನ್ನ ಯಾರು ಕೇಳ್ತಾರಬೇ?"

"ನನ್ನೂ ಯಾರೂ ಕೇಳಿದ್ದಿಲ್ಲ" ಅಂದೆ.